ಒಂದ ಖೋಲ್ಯಾಗ ಎರಡ ಪಗಾರ

ಮಳಿ ಹೊಳುವಾದ ಮ್ಯಾಲ ಬೇಲಿಂದ ಜಾರಿದ್ದ ಹೀರಿ ಬಳ್ಳಿ ಎತ್ತಿ ಕಟ್ಟಾಕತ್ತಿದ್ದೆ. ಆಚೀ ಕಡಿಂದ ಅಕ್ಕಾರು ಮಾತು ತಗದ್ರು: "ಮಾಸ್ತರ್ರ, ನಮ್ಮ ಸಣ್ಣ ಸೊಸಿನ್ನ ಈ ವರ್ಷನೂ ಸಾಲ್ಯಾಗ ಅತಿಥಿ ಶಿಕ್ಷಕಿ ಅಂತ ತಗೊಂಡಾರ್ರಿ. ಇದು ನಾಕನೇ ವರ್ಷ. ನಾಕ ವರ್ಷ ಬಂದು ದುಡದಾಕಿಗೆ ಅತಿಥಿ ಅಂತಾರೇನ್ರಿ ಯಾರರ?"

ಬಳ್ಳಿ ಬಿಟ್ಟು ಬೇಲಿ ಹತ್ರ ಬಂದೆ. ಈ ಮಾತು ಎದ್ದರ ನನಗ ಕೈಯಾಗಿನ ಕೆಲಸ ಮುಂದ ಹೋಗೂದಿಲ್ಲ. ನಮ್ಮ ಈ ತಂಬೂರ ಊರಿಗೆ ಬಂದು ಕೂಡೂಕಿಂತ ಮುಂಚೆ ಹನ್ನೊಂದು ವರ್ಷ ಹೆಡ್‌ಮಾಸ್ತರ ಆಗಿದ್ದಾಂವ ನಾನು. ಐದು ಮಂದಿ ಕಾಯಂ, ಮೂರು ಮಂದಿ ಅತಿಥಿ. ಅದ ಪಾಠ, ಅವ ಹುಡುಗೂರು, ಅದ ಘಂಟಿ. ಕಾಯಂ ಮಂದಿ ಪಗಾರ ತಿಂಗಳಾತಂದ್ರ ಖಾತೆಗೆ ಬೀಳ್ತಿತ್ತು. ಇವರದು ನಾವು ಹಾಜರಿ ಬರದು ಬಿಲ್ ಕಳಿಸಬೇಕು, ಮ್ಯಾಲಿಂದ ಅನುದಾನ ಬರಬೇಕು. ಒಮ್ಮೊಮ್ಮೆ ಮೂರು ತಿಂಗಳದ್ದು ಕೂಡೇ ಬರ್ತಿತ್ತು. ಬ್ಯಾಸಗಿ ಸೂಟಿ ಬಿತ್ತಂದ್ರ ಅದೂ ಇಲ್ಲ. ಜೂನಿಗೆ ಮತ್ತ ಅರ್ಜಿ, ಮತ್ತ ಅಂಕಪಟ್ಟಿ ಝೆರಾಕ್ಸು.

ಗಣಿತ ಕಲಿಸೋ ಹುಡುಗ ಒಬ್ಬಾಂವ ಇದ್ದ. ಚಹಾದ ಕೆಟ್ಲಿ ಒಳಗ ಬಂದ ಕೂಡ್ಲೆ ಸೀಮಿಸುಣ್ಣದ ಡಬ್ಬಿ ತಗೊಂಡು ಹೊರಗ ಹೋಗ್ತಿದ್ದ. ಚಹಾ ಕುಡ್ಯಾಂಗಿಲ್ಲ ಅಂದ್ಕೊಂಡಿದ್ದೆ. ಎರಡು ತಿಂಗಳ ಮ್ಯಾಲ ತಿಳೀತು, ಚಹಾದ ಪಟ್ಟಿ ಕೊಡಾಕ ಅವನ ಹತ್ರ ರೊಕ್ಕ ಇರಲಿಲ್ಲ. ಅವತ್ತು ರಾತ್ರಿ ನನಗ ಊಟ ಸೇರಲಿಲ್ಲ ಅಕ್ಕಾರ. ಮರುದಿನದಿಂದ ಚಹಾದ ಪಟ್ಟಿ ಕಾಯಂ ಮಂದೀದ ಅಷ್ಟ ಅಂತ ಮಾಡಿದೆ. ಪ್ರತಿ ತಿಂಗಳ ಇಪ್ಪತ್ತೆಂಟಕ್ಕ ಕೂತು ಅತಿಥಿ ಮಂದಿ ಬಿಲ್ ಬರೀತಿದ್ದೆ, ಒಂದು ದಿನ ತಡಾ ಮಾಡಲಿಲ್ಲ. ಪಗಾರ ಏರಿಸೂದು ನನ್ನ ಕೈಯಾಗ ಇರಲಿಲ್ಲ, ಇದು ಇತ್ತು.

ಕಾಯಂ ಮಂದೀದೂ ಸಂಕಟ ಇತ್ತು ಅನ್ರಿ. ಚುನಾವಣಿ, ಗಣತಿ, ಬಿಸಿಊಟದ ಲೆಕ್ಕ, ಎಲ್ಲಾ ಅವರ ಕೊಳ್ಳಿಗೇ. ಹಂಗಂತ "ನನ್ನ ಪಿರಿಯಡ್ ಸ್ವಲ್ಪ ನೋಡ್ಕೋ" ಅಂತ ದಿನಾ ಆ ಹುಡುಗನ ಮ್ಯಾಲ ಹಾಕೂದನ್ನ ನಾ ಸಹಿಸಲಿಲ್ಲ. ವೇಳಾಪಟ್ಟಿ ಬರದು ಗ್ವಾಡಿಗೆ ಅಂಟಿಸಿದೆ.

"ಹತ್ತು ವರ್ಷ ಮಾಡಿದ್ರ ಕಾಯಂ ಮಾಡ್ತಾರಂತಲ್ರಿ?" ಅಕ್ಕಾರು ಕೇಳಿದ್ರು.

ಆ ಆಸೆಗೆ ನಮ್ಮ ಜಿಲ್ಲಾದಾಗ ದೊಡ್ಡ ಬೇರು ಐತಿ. ಧಾರವಾಡ ಜಿಲ್ಲಾ ಪಿಡಬ್ಲ್ಯೂಡಿಯ ಓದು ಬಲ್ಲ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನ ತನಕ ಹೋಗಿ 1990ರಾಗ ಗೆದ್ದಿತು. 1984ರ ಜುಲೈ 1ರ ತನಕ ಸೇರಿದವರನ್ನ ಹತ್ತು ವರ್ಷ ತುಂಬಿದಂಗ ಹಂತ ಹಂತವಾಗಿ ಕಾಯಂ ಮಾಡ್ರಿ ಅಂತು ಕೋರ್ಟು. ನಮ್ಮ ಜಿಲ್ಲಾದ ಕೂಲಿ ಮಂದಿ ಹಚ್ಚಿದ ದೀಪದಾಗ ಇಡೀ ರಾಜ್ಯದ ದಿನಗೂಲಿಯವರು ಬೆಳಕು ಕಂಡ್ರು. ಆಮ್ಯಾಲ 2006ರಾಗ ಉಮಾದೇವಿ ಪ್ರಕರಣ, ಅದೂ ಕರ್ನಾಟಕದ್ದ. ನೇಮಕಾತಿ ನಿಯಮ ಬಿಟ್ಟು ಒಳಗ ಬಂದವರು ಕಾಯಂ ಮಾಡ್ರಿ ಅಂತ ಹಕ್ಕಿಲೆ ಕೇಳೂ ಹಂಗಿಲ್ಲ ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಬಾಗಲಾ ಮುಚ್ಚಿತು. ಆ ತೀರ್ಪನ್ನ ಗುರಾಣಿ ಮಾಡ್ಕೊಂಡು ವರ್ಷಾನುಗಟ್ಟಲೆ ದುಡಿಸಿಕೊಳ್ಳಬ್ಯಾಡ್ರಿ ಅಂತ 2024ರ ಡಿಸೆಂಬರಿನಾಗ ಜಗ್ಗೋ ಪ್ರಕರಣದಾಗ ಅದ ಕೋರ್ಟು ಹೇಳೇತಿ. ನಿಮ್ಮ ಸೊಸೀದು ವರ್ಷ ವರ್ಷದ ನೇಮಕ, ಇವೆಲ್ಲಾ ಸೀದಾ ಹತ್ತೂದಿಲ್ಲ. ಸುಳ್ಳು ಧೈರ್ಯ ನಾ ಹೇಳಂಗಿಲ್ಲ. 2025ರ ರಾಜ್ಯ ಬಜೆಟ್ಟಿನಾಗ ಅತಿಥಿ ಶಿಕ್ಷಕರ ಗೌರವಧನ 2,000 ರೂಪಾಯಿ ಏರಿಸ್ಯಾರ, ಅಷ್ಟ.

ಅಕ್ಕಾರು ಸೆರಗಿಲೆ ಕೈ ಒರಸ್ಕೊಂಡ್ರು. "ಹೋದ ತಿಂಗಳದ್ದು ಇನ್ನಾ ಬಂದಿಲ್ರಿ."

"ಆ ತಿಂಗಳ ಹಾಜರಿ ಕಳಿಸ್ಯಾರೇನು ಕೇಳ್ರಿ. ಕಳಿಸಿಲ್ಲಂದ್ರ ನಾಳೆ ಮುಂಜಾನೆ ನಾನ ಹೋಗ್ತೀನಿ. ಈಗಿನ ಹೆಡ್‌ಮಾಸ್ತರ ನನ್ನ ಕೈಯಾಗ ಕಲತಾಂವ. ಎದುರಿಗೆ ಕೂತು ಬರಸ್ಕೊಂಡು ಬರ್ತೀನಿ."