ಭಾವನ ಕುರ್ಚಿ

ನಮ್ಮ ಭಾವ ಇಪ್ಪತ್ತೆರಡು ವರ್ಷ ಅಮೆರಿಕದಲ್ಲಿದ್ದು ಮೈಸೂರಿಗೆ ತಂದ ಆಸ್ತಿ ಎರಡು. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ಮಡಿಸುವ ಕುರ್ಚಿ. ಕುರ್ಚಿಯ ಎರಡು ಕೈಗೂ ಲೋಟ ಇಡುವ ಬಲೆಯ ಗೂಡುಗಳಿದ್ದವು. ಅಲ್ಲಿಯವರು ಬೇಸಿಗೆ ಬಂತೆಂದರೆ ಮನೆಗೇ ಚಕ್ರ ಕಟ್ಟಿಕೊಂಡು ತಿರುಗುತ್ತಾರಂತೆ. ಅದಕ್ಕೆ ಆರ್‌ವಿ ಅಂತ ಹೆಸರು. ಹೋದಲ್ಲೆಲ್ಲ ಕ್ಯಾಂಪ್‌ಗ್ರೌಂಡು; ನಂಬರಿನ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ನೀರಿಗೆ ನಲ್ಲಿ, ಕರೆಂಟಿಗೆ ಕಂಬ, ಕೊಳಚೆಗೆ ಕೊಳವೆ. ಮೂರಕ್ಕೂ ಸೇರಿ ‘ಹುಕ್‌ಅಪ್’. ಪಕ್ಕದ ಗಾಡಿಯವನು ಕೈಯೆತ್ತಿ ‘ಹಾಯ್’ ಅಂದರೆ ಅಲ್ಲಿಗೆ ಮುಗಿಯಿತು. “ಯಾರೂ ಯಾರನ್ನೂ ಏನೂ ಕೇಳಲ್ಲ ಕಣೋ” ಅನ್ನುವಾಗ ಭಾವನ ಮುಖದಲ್ಲಿ ವೈಕುಂಠ ಕಂಡು ಬಂದವರ ಕಳೆ.

ಆ ವೈಕುಂಠವನ್ನು ಮೇ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಗೆ ಇಳಿಸುವುದೆಂದು ತೀರ್ಮಾನವಾಯಿತು. ಹಳೆಯ ಟೆಂಪೊ ಟ್ರಾವೆಲರ್ ಹಿಡಿದು, ಸೀಟು ಕಳಚಿ, ಎರಡು ಮಂಚ, ಗ್ಯಾಸ್ ಒಲೆ, ದೊಡ್ಡ ನೀರಿನ ಡ್ರಮ್ಮು ಕೂರಿಸಿದೆವು. ಅಕ್ಕ ಬಾನೆಟ್ಟಿಗೆ ಕುಂಕುಮವಿಟ್ಟು ಚಕ್ರದಡಿ ನಿಂಬೆಹಣ್ಣು ಇರಿಸಿದಳು. ನಂಜನಗೂಡು ದಾಟುವುದರೊಳಗೆ ಡ್ರಮ್ಮಿನ ಅರ್ಧ ನೀರು ಹಾಸಿಗೆಗಳಿಗೆ ಸಂದಿತ್ತು.

“ಕುರ್ಚಿ ಒಳಗೇ ಇರ್ಲಿ ಸಾ, ಈ ಊರ್ಗ ಬಂದೋರ ಕುರ್ಚಿ ಉಳಿಯಲ್ಲ” ಎಂದು ಡ್ರೈವರ್ ಚಾಮರಾಜನಗರ ಸಿಗುತ್ತಲೇ ಎಚ್ಚರಿಸಿದ. ಕಾಲಿಟ್ಟ ಮುಖ್ಯಮಂತ್ರಿಗೆ ಅಧಿಕಾರ ಹೋಗುತ್ತದೆಂಬ ಅಪವಾದ ಹೊತ್ತ ಊರು ಅದು, ಪಾಪ. ಅರಿಕುಠಾರ ಎಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಆಮೇಲಿನ ಆಳುವವರು ಊರಿಗೆ ಬರುವುದಕ್ಕೇ ಹೆದರಿದರು. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಬಂದು ಹೋಗಿ ಐದು ವರ್ಷ ಪೂರೈಸಿದ್ದನ್ನು ಭಾವ ಡ್ರೈವರಿಗೆ ವಿವರಿಸಿ, ಗುಡಿಯೆದುರಿಗೇ ಕುರ್ಚಿ ಬಿಡಿಸಿ ಕೂತು ಟೀ ಕುಡಿದರು. ಕುರ್ಚಿಗೆ ಏನೂ ಆಗಲಿಲ್ಲ.

ರಾತ್ರಿ ಊರಾಚೆ ಒಂದು ಬಾಳೆತೋಟದ ಪಂಪ್‌ಸೆಟ್ ಪಕ್ಕ ತಂಗಿದೆವು. ನೀರಿಗೆ ತೊಂಬೆ, ಕರೆಂಟಿಗೆ ಪಂಪ್‌ಮನೆಯಿಂದ ಎಳೆದ ವೈರು. ಕೊಳಚೆಯ ವಿಷಯ ಬೇಡ, ಊಟ ಮಾಡುತ್ತಾ ಓದುವವರೂ ಇರುತ್ತಾರೆ. ಕ್ಯಾಂಪ್‌ಗ್ರೌಂಡು ಸಿದ್ಧವಾಯಿತೆಂದು ಭಾವ ಕುರ್ಚಿ ಹಾಕುವಷ್ಟರಲ್ಲಿ ಸುತ್ತ ಹದಿನೈದು ಜನ. ಹೆಂಗಸರಿಬ್ಬರು ಸೀದಾ ಗಾಡಿ ಹತ್ತಿ, ಅಕ್ಕ ಒಲೆಯ ಮೇಲಿಟ್ಟ ಪಾತ್ರೆಯ ಮುಚ್ಚಳ ತೆಗೆದು ನೋಡಿದರು.

“ಯಾವೂರವ್ವ? ಮನ ಇಲ್ವಾ ನಿಮ್ಗ?”

“ಮೈಸೂರಲ್ಲಿ ಸ್ವಂತ ಮನೆ ಇದೆ.”

“ಮತ್ತ ಇಲ್ಲ್ಯಾಕ ಮಲಗ್ತೀರಿ? ಮಕ್ಕ ಆಚ್ಗ ಹಾಕುದ್ರಾ?”

ಅಕ್ಕ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಸ್ವಂತ ಮನೆ ಇದ್ದವರು ದುಡ್ಡು ಕೊಟ್ಟು ಬಸ್ಸಿನಲ್ಲಿ ಮಲಗುತ್ತಾರೆಂದರೆ ಯಾರು ನಂಬುತ್ತಾರೆ? ಅರ್ಧ ಗಂಟೆಯಲ್ಲಿ ಮುದ್ದೆ, ಉಪ್ಪೆಸರು ಬಂತು. ಭಾವನಿಗೆ ಒಂದು ಮುದ್ದೆ ಹೆಚ್ಚಿಗೆ ಇಟ್ಟರು, ಮಕ್ಕಳಿಂದ ನೊಂದ ಜೀವ ಅಂತ. ಆ ರಾತ್ರಿ ನಾವು ಮಲಗಿದ್ದು ಆ ಮನೆಯ ಜಗಲಿಯಲ್ಲಿ. ಆರ್‌ವಿಯಲ್ಲಿ ಮಲಗಿದ್ದು ಅವರ ನಾಯಿ.

ಬಿಳಿಗಿರಿರಂಗನ ಬೆಟ್ಟದಲ್ಲಿ “ಬಯಲಲ್ಲಿ ನಿಲ್ಲಸ್ಬೇಡಿ, ಆನ ಬತ್ತದ” ಅಂದರು. ಛತ್ರದ ಕೋಣೆ ಹಿಡಿದೆವು. ಅಲ್ಲಿಯ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. ಹಾಗಾಗಿ ಸೋಲಿಗರಿಗೆಲ್ಲ ಆತ ‘ರಂಗಭಾವ’. ಗುಡಿಯಲ್ಲಿ ದೊಡ್ಡ ಚರ್ಮದ ಪಾದುಕೆಗಳಿವೆ. ದೇವರು ರಾತ್ರಿಯೆಲ್ಲ ಅವನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಸವೆಯುತ್ತವೆ, ಭಕ್ತರು ಹೊಸ ಜೊತೆ ಮಾಡಿ ತರುತ್ತಾರೆ. ಈ ಜಿಲ್ಲೆಯಲ್ಲಿ ರಾತ್ರಿ ತಿರುಗುವ ಪರ್ಮಿಟ್ಟು ಇರುವುದು ಆ ಒಬ್ಬ ಭಾವನಿಗೆ ಮಾತ್ರ ಎಂಬುದು ನನಗೆ ಆಗ ಹೊಳೆಯಲಿಲ್ಲ.

ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಕಡೆ ಬರುವಾಗ ಅಕ್ಕ ಸೂರ್ಯಕಾಂತಿ ಹೂ ಹುಡುಕಿದಳು. ಫೋನಿನಲ್ಲಿ ನೋಡಿದ ಹಳದಿ ಹೊಲಗಳೆಲ್ಲ ಮಳೆ ಹಿಡಿದ ಮೇಲಿನವು. ಮೇ ತಿಂಗಳಲ್ಲಿ ಇದ್ದದ್ದು ಉತ್ತ ಕೆಮ್ಮಣ್ಣು. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಂತೂ ಖಾಸಗಿ ವಾಹನ ಹತ್ತುವ ಹಾಗೇ ಇಲ್ಲ. ನಮ್ಮ ಚಲಿಸುವ ಮನೆಯನ್ನು ತಪ್ಪಲಲ್ಲಿ ಬಿಟ್ಟು, ಸರ್ಕಾರಿ ಬಸ್ಸಿನಲ್ಲಿ 1454 ಮೀಟರ್ ಎತ್ತರಕ್ಕೆ ಹೋಗಿ, ತಣ್ಣನೆ ಗಾಳಿ ಕುಡಿದು, ಸಂಜೆಗೆ ಮೊದಲೇ ಇಳಿದೆವು. ಮೇಲೆ ರಾತ್ರಿ ತಂಗುವಂತಿಲ್ಲ.

ಭಾವ ಸೋಲೊಪ್ಪಲಿಲ್ಲ. ಕೇರಳ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸದ ನೀತಿ ತಂದಿದೆ, ನಿಜವಾದ ಕ್ಯಾಂಪ್‌ಗ್ರೌಂಡು ವಯನಾಡಿನಲ್ಲೇ ಸಿಕ್ಕೀತು, ನಡಿ ಅಂದರು. ಅಕ್ಕನ ಸ್ನಾನ, ಭಾವನ ಇನ್ಸುಲಿನ್, ಗುಂಡ್ಲುಪೇಟೆಯ ಮಸಾಲೆದೋಸೆ ಎಲ್ಲ ಮುಗಿಸಿ ಮದ್ದೂರು ಚೆಕ್‌ಪೋಸ್ಟ್ ಮುಟ್ಟಿದಾಗ ಒಂಬತ್ತು ಗಂಟೆ ಹತ್ತು ನಿಮಿಷ. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಪ್ರಾಣಿಗಳಿಗೆ. ಆಂಬುಲೆನ್ಸಿಗೂ ಎಣಿಕೆಯ ಕೆಲವು ಬಸ್ಸಿಗೂ ಮಾತ್ರ ದಾರಿ.

ತಿರುಗಿ ಬಂದು ರಸ್ತೆ ಬದಿಯ ಬಯಲಿನಲ್ಲಿ ನಿಂತೆವು. ಅಲ್ಲಿತ್ತು ನೋಡಿ ಕ್ಯಾಂಪ್‌ಗ್ರೌಂಡು! ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ಸಾಲಾಗಿ ಮಲಗಿದ್ದವು. ಪಕ್ಕೆಯ ಪೆಟ್ಟಿಗೆ ತೆರೆದರೆ ಅಡುಗೆಮನೆ. ಸ್ಟೌ, ಮಸಾಲೆ ಡಬ್ಬಿ, ಕುಚಲಕ್ಕಿ. ಆಕ್ಸಲ್ಲಿಗೆ ಸೀರೆ ಕಟ್ಟಿದ ತೊಟ್ಟಿಲಲ್ಲಿ ಕ್ಲೀನರ್ ಹುಡುಗ. ಮೀನುಸಾರಿನ ವಾಸನೆ. ಪಕ್ಕದ ಲಾರಿಯ ಮುದುಕ ನಮ್ಮನ್ನು ನೋಡಿ ಕೈಯೆತ್ತಿ, ತನ್ನ ಪಾಡಿಗೆ ಈರುಳ್ಳಿ ಹೆಚ್ಚತೊಡಗಿದ. ಯಾರೂ ಏನೂ ಕೇಳಲಿಲ್ಲ.

ಭಾವ ಹತ್ತು ನಿಮಿಷ ತಡೆದರು. ಹನ್ನೊಂದನೆಯ ನಿಮಿಷಕ್ಕೆ ಕುರ್ಚಿ ಹಿಡಿದು ಎದ್ದರು. “ಯಾವೂರು? ಎಷ್ಟು ಮಕ್ಕಳು? ಮನೆ ಸ್ವಂತದ್ದಾ?” ಮುದುಕನಿಗೆ ಕನ್ನಡ ಅಷ್ಟಕ್ಕಷ್ಟೆ, ಭಾವನಿಗೆ ಮಲಯಾಳ ಸೊನ್ನೆ. ಹಾಗಿದ್ದೂ ಮುದುಕನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಬೀನ್ಸ್ ಚೀಲದ ಮೇಲೆ ಕೂತು, ಮಧ್ಯರಾತ್ರಿಯವರೆಗೆ ಇಬ್ಬರೂ ಮಕ್ಕಳ ಮೇಲೆ ದೂರು ಹೇಳಿಕೊಂಡರು.

ಬೆಳಗ್ಗೆ ಆರಕ್ಕೆ ಗೇಟು ತೆಗೆದರು. ಸ್ಟೌ, ಚಾಪೆ, ಕ್ಯಾನು ಎಲ್ಲ ಸರಸರ ಲಾರಿಯೇರಿದವು. ಧೂಳು ಅಡಗಿದ ಮೇಲೆ ಬಯಲಿನಲ್ಲಿ ಉಳಿದದ್ದು ನಾವು ಮಾತ್ರ. ದೂರದ ತಿರುವಿನಲ್ಲಿ ಎಲೆಕೋಸಿನ ಲಾರಿಯೊಂದರ ನೆತ್ತಿಯ ಮೇಲೆ, ಲೋಟದ ಗೂಡೆರಡನ್ನೂ ಆಕಾಶಕ್ಕೆ ಒಡ್ಡಿಕೊಂಡು, ಕುರ್ಚಿ ವಯನಾಡಿಗೆ ಹೋಗುತ್ತಿತ್ತು.

“ಚಾಮರಾಜನಗರದಲ್ಲಿ ಏನೂ ಆಗ್ಲಿಲ್ವಲ್ಲೋ!” ಅಂದರು ಭಾವ.

“ಗುಂಡ್ಲುಪೇಟನೂ ಅದೇ ಜಿಲ್ಲ ಅಲ್ವಾ ಸಾ” ಅಂದ ಡ್ರೈವರ್, ಗಾಡಿ ಸ್ಟಾರ್ಟ್ ಮಾಡುತ್ತಾ.