ಲಿಪಿಡ್ ರಾಯರು

ಬಡಾವಣೆಗೊಬ್ಬ ಲಿಪಿಡ್ ರಾಯರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅರವತ್ತರ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಸಂಜೆ ‘ಲಿಪಿಡ್ ಪ್ರೊಫೈಲ್’ ಎಂಬ ಕಾಗದ ಕೈಗೆ ಬಂದಾಗ ಅವರಿಗೆ ಎರಡನೇ ನಾಮಕರಣವಾಗುತ್ತದೆ. ನಮ್ಮ ರಾಯರದು ಬಸವನಗುಡಿ. ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿರಬೇಕೆಂದು ಕಾಗದದಲ್ಲಿ ಅಚ್ಚಾಗಿತ್ತು. ಅದರ ಪಕ್ಕ ರಾಯರ ಅಂಕಿ ದಪ್ಪಕ್ಷರದಲ್ಲಿತ್ತು. ಶಾಲೆಯ ಯಾವ ಪರೀಕ್ಷೆಯಲ್ಲೂ ಅಷ್ಟು ತೆಗೆದವರಲ್ಲ ಎಂಬುದು ಅವರ ಶ್ರೀಮತಿಯವರ ಷರಾ.

ರಾಯರಿಗೆ ಗಾಬರಿಗಿಂತ ಅವಮಾನವೇ ಹೆಚ್ಚಾಯಿತು. “ಏನು ಡಾಕ್ಟ್ರೇ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆತನ ನಮ್ಮದು. ನಮಗೆಲ್ಲಿಂದ ಬರಬೇಕು ಈ ಕೊಲೆಸ್ಟ್ರಾಲು?” ಎಂದು ರೇಗಿದರು. ಎಲ್ಲಿಂದಲೂ ಬರಬೇಕಾಗಿಲ್ಲ, ಬಹುಪಾಲನ್ನು ನಮ್ಮ ಲಿವರೇ ತಯಾರಿಸುತ್ತದೆ, ತುಪ್ಪ, ಬೆಣ್ಣೆ, ತೆಂಗಿನೆಣ್ಣೆಯಲ್ಲಿರುವಂಥ ಕೊಬ್ಬು ರಕ್ತದಲ್ಲಿ ಅದನ್ನು ಏರಿಸುತ್ತದೆ ಎಂದು ಡಾಕ್ಟರು ವಿವರಿಸಿ, “ತರಕಾರಿ ಏನೇನು ತಿಂತೀರಿ?” ಎಂದು ಕೇಳಿದರು. ರಾಯರು ಹುಮ್ಮಸ್ಸಿನಿಂದ ಪಟ್ಟಿ ಒಪ್ಪಿಸಿದರು: ಮಸಾಲೆ ದೋಸೆಯೊಳಗಿನ ಪಲ್ಯ, ಪೂರಿ ಜೊತೆ ಸಾಗು, ಮಳೆ ಬಂದರೆ ಆಲೂ ಬೋಂಡ, ಬರದಿದ್ದರೆ ಹೀರೆಕಾಯಿ ಬಜ್ಜಿ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ ಆಲೂಗಡ್ಡೆಯನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಸಂಗತಿ ತಿಳಿದ ಮೇಲೆ ರಾಯರಿಗೆ ಆ ಸಂಸ್ಥೆಯ ಮೇಲಿದ್ದ ಗೌರವವೇ ಹೋಯಿತು.

ಶ್ರೀಮತಿಯವರಿಗೆ ಮಾತ್ರ ಇದ್ಯಾವುದೂ ಹೊಸದಲ್ಲ. ಮದುವೆಯಾದಂದಿನಿಂದ ರಾಯರ ಊಟದ ಮಂತ್ರ ಒಂದೇ: “ಹೋಳು ಬೇಡ, ಬರೀ ರಸ ಬಿಡು.” ಹುಳಿಯೊಳಗಿನ ನುಗ್ಗೆಕಾಯಿ, ಸೀಮೆಬದನೆ, ಮೂಲಂಗಿ ಯಾವುದಕ್ಕೂ ಅವರ ತಟ್ಟೆಗೆ ಪ್ರವೇಶವಿರಲಿಲ್ಲ. ಕಣ್ತಪ್ಪಿ ಬಂದವು ಅಂಚಿನಲ್ಲಿ ಕರಿಬೇವಿನ ಜೊತೆ ಸಾಲಾಗಿ ಕೂರುತ್ತಿದ್ದವು. ತರಕಾರಿ ತಿನ್ನದ ಸಸ್ಯಾಹಾರಿಗಳು ನಮ್ಮಲ್ಲಿ ಎಷ್ಟಿದ್ದಾರೆಂದು ತಿಳಿಯಬೇಕಾದರೆ ಮದುವೆಮನೆಯಲ್ಲಿ ಎತ್ತಿದ ಎಲೆಗಳನ್ನು ನೋಡಬೇಕು. ಒಬ್ಬಟ್ಟಿನ ಚೂರೂ ಉಳಿದಿರುವುದಿಲ್ಲ. ಹುರುಳಿಕಾಯಿ ಪಲ್ಯ ಬಡಿಸಿದ ಜಾಗದಲ್ಲೇ ಇರುತ್ತದೆ.

ಅಂಥ ರಾಯರು ಈಗ ಬೆಳಿಗ್ಗೆ ಚೀಲ ಹಿಡಿದು ಗಾಂಧಿ ಬಜಾರಿಗೆ ಹೊರಡುತ್ತಾರೆ. ಬೆಂಡೆಕಾಯಿಯ ತುದಿ ಮುರಿದು ಎಳೆಯದೇ ಎಂದು ನೋಡುತ್ತಾರೆ. ಕಾಲು ಕೆಜಿ ಕೊಳ್ಳಲು ಅರ್ಧ ಕೆಜಿಯ ತುದಿ ಮುರಿದು, “ಸ್ವಾಮಿ, ತಗೊಳ್ಳೋ ಹಾಗಿದ್ರೆ ಮುರೀರಿ” ಎಂದು ತರಕಾರಿಯಮ್ಮನಿಂದ ಬೈಸಿಕೊಂಡು, ಅಲ್ಲಿಂದ ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿಗೆ ಬಂದು ಪಾಠ ಶುರು ಮಾಡುತ್ತಾರೆ.

“ಲಿವರ್ ಅಂದ್ರೆ ಜಿಪುಣ ಯಜಮಾನ ಇದ್ದ ಹಾಗೆ ಕಣ್ರೀ. ಕೊಲೆಸ್ಟ್ರಾಲಿಂದ ಪಿತ್ತರಸ ಮಾಡಿ ಕರುಳಿಗೆ ಕಳಿಸುತ್ತೆ. ಕೆಲಸ ಮುಗೀತಿದ್ದ ಹಾಗೆ ಹೆಚ್ಚೂಕಮ್ಮಿ ಅಷ್ಟನ್ನೂ ವಾಪಸ್ ವಸೂಲಿ ಮಾಡಿ ಮತ್ತೆ ಅದನ್ನೇ ಬಳಸುತ್ತೆ. ಈ ಬೆಂಡೆಕಾಯಿ ಲೋಳೆ ಇದೆಯಲ್ಲ, ಅದು ಕರಗೋ ನಾರು. ಪಿತ್ತಾನ ಹಿಡ್ಕೊಂಡು ಹೊರಗೆ ಹೊರಟುಬಿಡುತ್ತೆ. ಆಗ ಯಜಮಾನ ವಿಧಿಯಿಲ್ಲದೆ ರಕ್ತದಲ್ಲಿರೋ ಕೊಲೆಸ್ಟ್ರಾಲ್ ಎಳ್ಕೊಂಡು ಹೊಸ ಪಿತ್ತ ಮಾಡಬೇಕು!”

ಆಶ್ಚರ್ಯವೆಂದರೆ, ರಾಯರು ಹೇಳುವುದು ನಿಜ. ಮೊಬೈಲಿನಲ್ಲಿ ಬರುವ ಆರೋಗ್ಯ ಸಲಹೆಗಳ ನಡುವೆ ಇಂಥದ್ದೊಂದು ಸಿಕ್ಕಿದ್ದು ಅವರ ಪುಣ್ಯ.

ಅವರ ಬ್ರಹ್ಮಾಸ್ತ್ರ ಟೊರಾಂಟೊದ್ದು. ಅಲ್ಲಿನ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಕೊಲೆಸ್ಟ್ರಾಲ್ ಹೆಚ್ಚಿದ್ದ 46 ಮಂದಿಯ ಮೇಲೆ ಒಂದು ತಿಂಗಳು ಪ್ರಯೋಗ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಆಹಾರ ತಿಂದವರ ‘ಕೆಟ್ಟ’ ಕೊಲೆಸ್ಟ್ರಾಲು, ಅಂದರೆ ಎಲ್‌ಡಿಎಲ್, ಶೇ. 28ಕ್ಕೂ ಹೆಚ್ಚು ಇಳಿಯಿತು. ಸ್ಟ್ಯಾಟಿನ್ ಮಾತ್ರೆ ನುಂಗಿದವರದು ಸುಮಾರು ಶೇ. 31. ಆ ಆಹಾರದಲ್ಲಿ ನಮ್ಮ ಬೆಂಡೆ, ಬದನೆ ಎರಡೂ ಇದ್ದವು. “ಬೆಂಡೆ, ಬದನೆ! ಕೆನಡಾದವರು ತಿಂದು ಉದ್ಧಾರ ಆಗ್ತಿದ್ದಾರೆ, ನಾವು ಪಕ್ಕಕ್ಕಿಡ್ತೀವಿ” ಎಂದು ರಾಯರು ಬೆಂಚಿನ ಮೇಲೆ ಕುಟ್ಟುತ್ತಾರೆ. ಪಕ್ಕಕ್ಕಿಟ್ಟವರು ಯಾರೆಂದು ಪಾರ್ಕಿನಲ್ಲಿ ಯಾರೂ ಕೇಳುವುದಿಲ್ಲ. ಆ ತಟ್ಟೆಯಲ್ಲಿ ಓಟ್ಸ್, ಬಾರ್ಲಿ, ಇಸಬ್‌ಗೋಲ್, ಸೋಯಾ, ಬಾದಾಮಿ, ಸಸ್ಯಮೂಲದ ಸ್ಟೆರಾಲ್ ಕೂಡ ಇದ್ದವು ಎಂಬುದನ್ನು ರಾಯರು ಹೇಳುವುದಿಲ್ಲ. ತುಪ್ಪ ಬೆಣ್ಣೆಯಲ್ಲಿರುವಂಥ ಕೊಬ್ಬಿಗೆ ಅಲ್ಲಿ ಕಡಿವಾಣ ಬಿದ್ದಿತ್ತು ಎಂಬುದನ್ನಂತೂ ಅವರು ಓದಿಯೇ ಇಲ್ಲ. ಓದಿದ್ದರೂ ಆ ಸಾಲಿನ ಮೇಲೆ ಕನ್ನಡಕ ನಿಂತಿರಲಾರದು.

ಹಾಗಾಗಿ ಮನೆಯಲ್ಲಿ ನಡೆಯುವುದೇ ಬೇರೆ. ಬೆಂಡೆಕಾಯಿ ಪಲ್ಯವಾಗಬೇಕು, ಆದರೆ ಗರಿಗರಿಯಾಗಿ ಕರಿದಿರಬೇಕು. ಬದನೆಕಾಯಿ ಬೇಕು, ಎಣ್ಣೆಗಾಯಿಯಾದರೆ ಮಾತ್ರ. ಅದರ ಮೇಲೆ ಎಣ್ಣೆ ತೇಲದಿದ್ದರೆ “ಇದೇನೇ, ಆಸ್ಪತ್ರೆ ಊಟ?” ಎನ್ನುತ್ತಾರೆ. ಅನ್ನಕ್ಕೆ ತುಪ್ಪ ಬೀಳಲೇಬೇಕು, ತುಪ್ಪ ಔಷಧವಂತೆ. ಹಾಗಲಕಾಯಿ ರಸವನ್ನು ನಾರೆಲ್ಲ ಹೋಗುವಂತೆ ಸೋಸಿ ಕುಡಿದು ಮುಖ ಕಿವುಚುತ್ತಾರೆ. ಕಹಿಯಷ್ಟೇ ಸಿಕ್ಕಿತು, ನಾರು ಬಚ್ಚಲು ಸೇರಿತು. “ರೀ, ಆ ಸೋಸಿದ್ದನ್ನೇ ತಿಂದಿದ್ರೆ ಕೆಲಸ ಆಗ್ತಿತ್ತು” ಎಂದು ಶ್ರೀಮತಿಯವರು ಒಳಗಿನಿಂದ ಹೇಳುತ್ತಾರೆ. ಅವರು ಬಸ್ಸಾರು, ಮಸ್ಸೊಪ್ಪು, ಹೆಸರುಬೇಳೆ ಕೋಸಂಬರಿ ಮಾಡಿಕೊಂಡು ತಿನ್ನುತ್ತಾ ಬಂದವರು. ಅವರ ರಿಪೋರ್ಟು ಚೆನ್ನಾಗಿದೆ. ಇದರ ಬಗ್ಗೆ ರಾಯರು ಪಾರ್ಕಿನಲ್ಲಿ ಉಪನ್ಯಾಸ ಮಾಡಿದ್ದನ್ನು ನಾನು ಕೇಳಿಲ್ಲ.

ಮರುಪರೀಕ್ಷೆಯ ಹಿಂದಿನ ವಾರ ನೋಡಬೇಕು ಅವರನ್ನು. ಸೊಪ್ಪು, ಕ್ಯಾರೆಟ್, ಸೌತೆಕಾಯಿ ಬಿಟ್ಟರೆ ಬೇರೆ ಮಾತೇ ಇಲ್ಲ. ರಕ್ತ ತೆಗೆದ ಜಾಗಕ್ಕೆ ಒತ್ತಿದ ಹತ್ತಿ ಇನ್ನೂ ಅಂಟಿಕೊಂಡಿರುವಾಗಲೇ ವಿದ್ಯಾರ್ಥಿ ಭವನದ ಸರದಿಯಲ್ಲಿ ನಿಂತಿರುತ್ತಾರೆ. ಅಲ್ಲಿ ಶುಕ್ರವಾರ ರಜೆ. ರಾಯರು ಶುಕ್ರವಾರ ರಕ್ತ ಕೊಟ್ಟ ದಾಖಲೆ ಇಲ್ಲ.

ಈ ಸಲ ಅಂಕಿ ಸ್ವಲ್ಪ ಇಳಿದಿದೆ. ಬೆಂಡೆಕಾಯಿಯದೇ ಪ್ರತಾಪ ಎಂದು ರಾಯರ ವಾದ. ದಿನಾ ರಾತ್ರಿ ಶ್ರೀಮತಿಯವರು ನೀರಿನ ಲೋಟದ ಜೊತೆ ಎದುರು ನಿಂತು ನುಂಗಿಸುವ ಮಾತ್ರೆಗೆ ಅವರು ಒಂದು ಅಂಕವನ್ನೂ ಕೊಡರು. ಇನ್ನು ಅದನ್ನು ನಿಲ್ಲಿಸುತ್ತೇನೆಂದೂ, ನೀವೂ ನಿಲ್ಲಿಸಿ ಎಂದೂ ಪಾರ್ಕಿನಲ್ಲಿ ಸಾರುತ್ತಿದ್ದಾರೆ. ನಿಮ್ಮ ಬಡಾವಣೆಯ ರಾಯರೂ ಹೀಗೇ ಸಿಕ್ಕಿದರೆ, ಬೆಂಡೆಕಾಯಿಯ ವಿಷಯದಲ್ಲಿ ಅವರ ಮಾತು ಕೇಳಿ, ಹುಳಿಯ ಹೋಳನ್ನು ತಪ್ಪದೆ ತಿನ್ನಿ. ಮಾತ್ರೆಯ ವಿಷಯವನ್ನು ನಿಮ್ಮ ಡಾಕ್ಟರನ್ನೇ ಕೇಳಿ.