ಹುಲಿಗೆ ಕ್ಯಾಮೆರಾ, ಹುಡುಗನಿಗೆ ಹಾಜರಿ

ತಮಿಳುನಾಡಿನ ದಿಂಬಂ ಘಟ್ಟದಲ್ಲಿ ಹುಟ್ಟುವ ಯೋಗವಿದ್ದರೆ ಹುಲಿಯಾಗಿ ಹುಟ್ಟಬೇಕು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಇಲ್ಲಿನ ಹುಲಿಗಳ ಯೋಗಕ್ಷೇಮ ವಿಚಾರಿಸಲು ಮರಗಳಿಗೆ ಕ್ಯಾಮೆರಾ ಕಟ್ಟಿದ್ದಾರೆ. ಯಾವ ಹುಲಿಯ ಮೈಮೇಲೆ ಎಂಥ ಪಟ್ಟೆ ಎಂಬುದು ಕಂಪ್ಯೂಟರಿನಲ್ಲಿದೆ. ಒಂದರ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ಒಂದೇ ಹುಲಿಯನ್ನು ಎರಡು ಸಲ ಎಣಿಸಿ ಲೆಕ್ಕ ತೋರಿಸುವ ಹಾಗಿಲ್ಲ. ಸಂಖ್ಯೆ ಎರಡು ಪಟ್ಟಿಗೂ ಮಿಕ್ಕಿ ಬೆಳೆಯಿತೆಂದು 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 27 ತಿರುವುಗಳ ಈ ಘಟ್ಟದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಪ್ರಾಣಿಗಳು ಲಾರಿಯಡಿ ಸಿಕ್ಕಿ ಸಾಯುವುದು ನಿಲ್ಲಬೇಕಾದದ್ದೇ. ಹುಲಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.

ಹೊಟ್ಟೆಕಿಚ್ಚು ಪಡುವ ಹಕ್ಕು ಇರುವುದು ಹಾಸ್ಟೆಲ್ ಹುಡುಗನಿಗೆ.

ಇದೇ ಕಾಡಿನ ಸೋಲಿಗರ, ಊರಾಳಿಗಳ ಮಕ್ಕಳು ತಮ್ಮ ಹಾಡಿಯಾದ ಪೋಡು ಬಿಟ್ಟು ಸರ್ಕಾರಿ ವಸತಿ ಶಾಲೆ ಸೇರುತ್ತಾರೆ. ಸೇರಿದ ದಿನವೇ ಅಪ್ಪ ಅಮ್ಮ ಇಟ್ಟ ಹೆಸರು ಹಿಂದೆ ಸರಿದು, ಮಗು ‘ಮಂಜೂರಾದ ಸಂಖ್ಯೆ’ಯಲ್ಲಿ ಒಂದಾಗುತ್ತದೆ. ಈ ಸಂಖ್ಯೆಗೆ ಹೊಟ್ಟೆ ಇದೆ ಎಂಬುದು ಸರ್ಕಾರಕ್ಕೂ ಗೊತ್ತು. 2023ರಲ್ಲಿ ತಮಿಳುನಾಡು ಸರ್ಕಾರ ಹಾಸ್ಟೆಲಿನ ಶಾಲಾ ಮಕ್ಕಳ ಊಟದ ಭತ್ಯೆಯನ್ನು ತಿಂಗಳಿಗೆ 1,000 ರೂಪಾಯಿಯಿಂದ 1,400ಕ್ಕೆ ಏರಿಸಿತು. ದಿನಕ್ಕೆ 46 ರೂಪಾಯಿ ಚಿಲ್ಲರೆ. ಸತ್ಯಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಈ ದುಡ್ಡಿಗೆ ಒಂದು ದೋಸೆ ಬಂದೀತು. ಮೇಲೆ ಕಾಫಿಯೂ ಬೇಕೆಂದರೆ ನಾಳೆಯ ಭತ್ಯೆಯಲ್ಲಿ ಮುಂಗಡ ಪಡೆಯಬೇಕು.

ಹಾಗೆಂದು ಸುಧಾರಣೆ ನಿಂತಿಲ್ಲ. 2025ರ ಜುಲೈಯಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ರಾಜ್ಯದ ಸರ್ಕಾರಿ ಹಾಸ್ಟೆಲುಗಳೆಲ್ಲ ಇನ್ನು ಮುಂದೆ ‘ಸಾಮಾಜಿಕ ನ್ಯಾಯ’ದ ಹಾಸ್ಟೆಲುಗಳು ಎಂದು ಘೋಷಿಸಿದರು. ಜಾತಿಯ ಹೆಸರು ಬೋರ್ಡಿನಿಂದ ಇಳಿದದ್ದು ಒಳ್ಳೆಯ ಕೆಲಸ. ಆದರೆ ಪೇಂಟರಿಗೆ ಸಿಕ್ಕ ಕಂಟ್ರಾಕ್ಟು ಬೋರ್ಡಿನದು ಮಾತ್ರ. ಆತ ಏಣಿ ಹತ್ತಿ, ನ್ಯಾಯ ಬರೆದು, ಕೆಳಗಿಳಿದು, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಹೋದ. ಅಡುಗೆಮನೆಯ ಕಡೆ ಹೋಗಲು ಆತನಿಗೆ ಆದೇಶವಿರಲಿಲ್ಲ.

ಸಂಸ್ಥೆಯಲ್ಲಿ ಇರುವವರನ್ನು ಹೇಗೆ ನೋಡಿಕೊಳ್ಳಬೇಕೆಂಬುದು ನಮ್ಮ ಸರ್ಕಾರಗಳಿಗೆ ಗೊತ್ತಿಲ್ಲ ಎನ್ನುವುದು ಶುದ್ಧ ಸುಳ್ಳು. ದೇವಸ್ಥಾನದ ಆನೆಗಳನ್ನೇ ನೋಡಿ, ಅವೂ ಒಂದು ಸಂಸ್ಥೆಯ ನಿವಾಸಿಗಳೇ. 2003ರಲ್ಲಿ ಮುದುಮಲೆಯ ತೆಪ್ಪಕಾಡಿನಲ್ಲಿ ಅವುಗಳಿಗಾಗಿ ಪುನಶ್ಚೇತನ ಶಿಬಿರ ಆರಂಭವಾಯಿತು. ಆಮೇಲೆ ಅದು ಮೇಟ್ಟುಪಾಳ್ಯದ ಹತ್ತಿರ ಭವಾನಿ ದಂಡೆಯ ತೇಕ್ಕಂಪಟ್ಟಿಗೆ ಬಂತು. 48 ದಿನ ನಡಿಗೆ, ಸ್ನಾನ, ರಾಗಿ, ಹುರುಳಿ, ವಿಟಮಿನ್ ಮಾತ್ರೆ, ಸಾಲದ್ದಕ್ಕೆ ಚ್ಯವನಪ್ರಾಶ. ಶಿಬಿರಕ್ಕೆ ಬಂದಾಗ ಒಮ್ಮೆ ತೂಕ, ಹೊರಡುವಾಗ ಇನ್ನೊಮ್ಮೆ ತೂಕ. ಹೀಗೆ ಒಳಗೆ ಬಂದಾಗ ಎಷ್ಟಿತ್ತು, ಹೊರಗೆ ಹೋಗುವಾಗ ಎಷ್ಟಾಯಿತು ಎಂದು ನೋಡುವುದಕ್ಕಿಂತ ಸರಳವಾದ ತಪಾಸಣೆ ಇನ್ನೊಂದಿಲ್ಲ. 2021ರಲ್ಲಿ ಅದೇ ಶಿಬಿರದಲ್ಲಿ ಒಂದು ಆನೆಯನ್ನು ಮರಕ್ಕೆ ಕಟ್ಟಿ ಬಡಿಯುವ ವಿಡಿಯೊ ಹೊರಬಿತ್ತು, ಕೂಡಲೇ ಕ್ರಮವೂ ಆಯಿತು. ಬಡಿದದ್ದು ಗೊತ್ತಾದದ್ದು ಯಾರದೋ ಮೊಬೈಲಿನಿಂದ. ಇಲಾಖೆಯ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಾರದು.

ಕಾಡಿನ ಆನೆಗಳು ಇನ್ನೂ ಜಾಣ. ತಾಳವಾಡಿ, ಚಾಮರಾಜನಗರದ ಕಡೆಯಿಂದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳನ್ನು ಅವು ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸಿನಲ್ಲಿ ಅಡ್ಡಗಟ್ಟುತ್ತವೆ, ಸೊಂಡಿಲು ಚಾಚಿ ಬೇಕಾದಷ್ಟು ಎಳೆದುಕೊಳ್ಳುತ್ತವೆ. ಟೆಂಡರಿಲ್ಲ, ಗುತ್ತಿಗೆದಾರನಿಲ್ಲ, ವಾರ್ಡನ್ ಇಲ್ಲ. ಮಂಜೂರಾದ ಆಹಾರ ಪೂರ್ತಿಯಾಗಿ ಫಲಾನುಭವಿಯ ಬಾಯಿ ಸೇರುವ ಯೋಜನೆ ಈ ಘಟ್ಟದಲ್ಲಿ ಇದೊಂದೇ. ಯೋಜನೆಯ ಗುಟ್ಟು ಇಷ್ಟೇ: ಫಲಾನುಭವಿ ನಾಲ್ಕು ಟನ್ ತೂಗುತ್ತಾನೆ, ರಸ್ತೆಗೆ ಅಡ್ಡ ನಿಲ್ಲುತ್ತಾನೆ.

ಇಪ್ಪತ್ತೈದು ಕಿಲೋ ತೂಗುವ ಫಲಾನುಭವಿಯ ಮುಂದೆ ನಡೆಯುವುದು ತಪಾಸಣೆ. ತಮಿಳುನಾಡು-ಕರ್ನಾಟಕ ಗಡಿಯ ಯಾವ ಕಡೆಯ ಹಾಸ್ಟೆಲು ಎಂದು ಕೇಳಬೇಡಿ. ಪುಣಜನೂರು ದಾಟಿದರೆ ಬದಲಾಗುವುದು ಬೋರ್ಡಿನ ಲಿಪಿ, ಸಾರಿನ ನೀರಲ್ಲ. ಅನಿರೀಕ್ಷಿತ ಭೇಟಿಯ ಸುದ್ದಿ ಮೂರು ದಿನ ಮೊದಲೇ ಬಂದಿರುತ್ತದೆ. ಮೂಟೆಯಲ್ಲಿದ್ದ ಹೊಸ ಜಮಖಾನ ನೆಲಕ್ಕಿಳಿದಿರುತ್ತದೆ. ಕರಿಹಲಗೆಯ ಮೇಲೆ ವಾರದ ಮೆನು ಬಣ್ಣದ ಸೀಮೆಸುಣ್ಣದಲ್ಲಿ ಮಿಂಚುತ್ತಿರುತ್ತದೆ. ಸಾಹೇಬರು ಒಬ್ಬ ಹುಡುಗನ ತಲೆ ಸವರುತ್ತಾರೆ.

“ಊಟ ಚೆನ್ನಾಗಿದೆಯೇನೋ ಮಗಾ?”

“ಚೆನ್ನಾಗದ ಸಾ.”

“ಮೊಟ್ಟೆ ಕೊಡ್ತಾರಾ?”

“ಕೊಡ್ತಾರ ಸಾ. ನೀವು ಬಂದಾಗೆಲ್ಲ ಕೊಡ್ತಾರ.”

ವಾರ್ಡನ್ ಕೆಮ್ಮುತ್ತಾರೆ. ಸಾಹೇಬರು ನಗುತ್ತಾರೆ. ಭೇಟಿ ಪುಸ್ತಕದಲ್ಲಿ ‘ಮಕ್ಕಳು ಲವಲವಿಕೆಯಿಂದ ಇದ್ದಾರೆ’ ಎಂದು ಬರೆದು ಸಹಿ ಹಾಕುತ್ತಾರೆ.

ಆ ಭೇಟಿ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ದಪ್ಪ ರಟ್ಟು, ಕೆಂಪು ಬಟ್ಟೆಯ ಬೈಂಡು, ಮೂಲೆಗೆ ತೊಗಲು. ಅದು ಮಲಗುವುದು ಕಬ್ಬಿಣದ ಬೀರುವಿನಲ್ಲಿ, ಸುತ್ತಲೂ ನುಸಿಗುಳಿಗೆ, ಬೀಗದ ಕೈ ವಾರ್ಡನ್ ಸೊಂಟದಲ್ಲಿ. ಮಳೆಗಾಲದ ದಿಂಬಂ ಮಂಜಿನಲ್ಲೂ ಅದಕ್ಕೆ ಶೀತವಾಗುವುದಿಲ್ಲ. ಪಕ್ಕದ ಹಾಲಿನಲ್ಲಿ ಇಬ್ಬರಿಗೆ ಒಂದು ಕಂಬಳಿ. ನಮ್ಮ ಸಂಸ್ಥೆಗಳಲ್ಲಿ ಆರೈಕೆ ಇಲ್ಲವೆಂದು ಯಾರು ಹೇಳಿದರು? ಇದೆ, ಅದು ಪುಸ್ತಕಕ್ಕೆ ಸಲ್ಲುತ್ತಿದೆ. ಆಡಿಟ್‌ಗೆ ಬರುವವರು ಕೇಳುವುದು ಪುಸ್ತಕವನ್ನು, ಹುಡುಗನನ್ನಲ್ಲ.

ಹುಡುಗ ಒಂದು ದಿನ ಓಡಿಹೋಗುತ್ತಾನೆ. ಹುಲಿ, ಚಿರತೆ, ಆನೆ ಇರುವ ಕಾಡಿನಲ್ಲಿ ಒಬ್ಬನೇ ನಡೆದು ಪೋಡು ಸೇರುತ್ತಾನೆ. ಅಲ್ಲಿ ಅಜ್ಜಿ ತೊಳಸಿದ ರಾಗಿಮುದ್ದೆ, ಸೊಪ್ಪಿನ ಸಾರು, ಸುಟ್ಟ ಗೆಣಸು. ಇಲಾಖೆ ಇದಕ್ಕೆ ‘ಶಾಲೆ ತೊರೆದ ಮಗು’ ಎಂದು ಬರೆದು, ಬುಡಕಟ್ಟು ಪೋಷಕರಲ್ಲಿ ಶಿಕ್ಷಣದ ಅರಿವಿಲ್ಲ ಎಂದು ಷರಾ ಹಾಕುತ್ತದೆ. ಹುಲಿಗಿಂತ ಹೆಚ್ಚಾಗಿ ಹುಡುಗ ಯಾವುದಕ್ಕೆ ಹೆದರಿದ ಎಂಬ ಪ್ರಶ್ನೆಗೆ ನಮೂನೆಯಲ್ಲಿ ಜಾಗವಿಲ್ಲ.

ಕಾಡಿನವರ ಪಾಡು ಮಾತ್ರ ಹೀಗೆ ಎಂದುಕೊಳ್ಳಬೇಡಿ. ಗೋಡೆಯೊಳಗೆ ಹೋದ ಯಾರಿಗಾದರೂ ಸತ್ಕಾರ ಇದೇ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನೂ ಕಟ್ಟಿ ಬೆಂಗಳೂರಿನ ಮನೆ ಮಾಲೀಕರು ಪುಣ್ಯವಂತರಾಗುತ್ತಾರೆ. 2010ರ ಆಗಸ್ಟಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂಥದೊಂದು ಕೇಂದ್ರ ಇದೆ, ಅದರೊಳಗೆ ಜನ ಇದ್ದಾರೆ ಎಂಬುದು ತೆರಿಗೆ ಕಟ್ಟಿದವರಿಗೆ ಆಗ ತಿಳಿಯಿತು. ಅದಕ್ಕೂ ಮೊದಲು, 2001ರ ಆಗಸ್ಟ್ 6ರಂದು, ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಖಾಸಗಿ ಮಾನಸಿಕ ರೋಗಿಗಳ ಮನೆಗೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಹಾಕಿದ್ದರಿಂದ ಓಡಲಾರದೆ 28 ಮಂದಿ ಸುಟ್ಟುಹೋದರು. ವರ್ಷಗಟ್ಟಲೆ ಕಾಣದಿದ್ದ ಅಲ್ಲಿನ ಅಂಥ ಮನೆಗಳಿಗೆಲ್ಲ ವಾರದೊಳಗೆ ಬೀಗ ಬಿತ್ತು. ಮಾನಸಿಕ ರೋಗಿಗೆ ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಎಂದು ಖಡಾಖಂಡಿತವಾಗಿ ಬರೆದ ಕಾನೂನು ಬರಲು 2017 ಆಗಬೇಕಾಯಿತು. ಒಳಗಿರುವವನು ಹೊರಗಿನವರ ಕಣ್ಣಿಗೆ ಬೀಳಬೇಕಾದರೆ ಸಾಯಬೇಕು, ಅದೂ ಗುಂಪಾಗಿ. ಒಬ್ಬೊಬ್ಬನೇ ಸತ್ತರೆ ‘ಸಹಜ ಕಾರಣ’.

ಹೀಗಾಗದಿರಲಿ ಎಂದೇ ಪ್ರತಿ ಹಾಸ್ಟೆಲಿನಲ್ಲೂ ಒಂದು ದೂರು ಪೆಟ್ಟಿಗೆ ಇಟ್ಟಿರುತ್ತಾರೆ. ಅದನ್ನು ವಾರ್ಡನ್ ಕೊಠಡಿಯ ಬಾಗಿಲಲ್ಲೇ ನೇತುಹಾಕಿರುತ್ತಾರೆ, ಕಳುವಾಗಬಾರದಲ್ಲ! ಬೀಗದ ಕೈಯೂ ಅವರ ಬಳಿಯೇ ಭದ್ರ. ಇಷ್ಟಾದರೂ ಧೈರ್ಯ ಮಾಡಿ ತಾಳವಾಡಿ ಬೆಟ್ಟದ ಹುಡುಗಿಯೊಬ್ಬಳು ತನಗೆ ಬರುವ ಕನ್ನಡದಲ್ಲಿ ಬರೆದು ಹಾಕಿದಳು ಎಂದುಕೊಳ್ಳಿ: ಕಕ್ಕಸಿಗೆ ಚಿಲಕ ಇಲ್ಲ, ರಾತ್ರಿ ಲೈಟಿಲ್ಲ, ಜ್ವರ ಬಂದರೆ ಯಾರೂ ಬರುವುದಿಲ್ಲ. ಆ ಚೀಟಿ 27 ತಿರುವು ಇಳಿದು, ಬಣ್ಣಾರಿ ದಾಟಿ, ಈರೋಡಿನ ಕಚೇರಿ ಸೇರುತ್ತದೆ. ಅಲ್ಲಿ ಕನ್ನಡ ಓದುವವರು ರಜೆಯಲ್ಲಿದ್ದಾರೆ, ಇಲ್ಲವೇ ಆ ಹುದ್ದೆ ಮಂಜೂರಾಗಿಲ್ಲ. ಗುಮಾಸ್ತರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕಡತಕ್ಕೆ ಸೇರಿಸುತ್ತಾರೆ. ವರ್ಷದ ಕೊನೆಯ ವರದಿಯಲ್ಲಿ ಒಂದು ಸಾಲು ಬರುತ್ತದೆ: ಓದಲು ಸಾಧ್ಯವಾದ ದೂರುಗಳು, ಸೊನ್ನೆ.